ಫಿಲೇಚರ್‌ಗೆ ಜಿಎಸ್‌ಟಿ ನಂಬರ್ ಇಲ್ಲ, ಹಾಗಂತ ಬಿಬಿಎ ಪಾಠವೂ ಇಲ್ಲವೇ?

ಮಾನ್ಯ ಸಂಪಾದಕರೇ,

ನಾನು ಶಿಡ್ಲಘಟ್ಟದ ಒಬ್ಬ ರೀಲರ್. ಮಾರ್ಕೆಟ್‌ನಲ್ಲಿ ರೇಷ್ಮೆಗೂಡು ಕೊಂಡು, ಬೇಯಿಸಿ, ನೂಲು ಬಿಚ್ಚಿ ಮಾರುವುದು ನಮ್ಮ ಕಸುಬು. ನೂಲು ಬಿಚ್ಚುವ ನಮ್ಮ ಘಟಕ, ಅಂದರೆ ಫಿಲೇಚರ್, ಸಣ್ಣದು. ನೂಲು ತೆಗೆಯುವ ಹೆಂಗಸರು, ಬಾಯ್ಲರ್ ನೋಡಿಕೊಳ್ಳುವ ಒಬ್ಬ ಹುಡುಗ, ನಾನು, ನಮ್ಮ ಮನೆಯವಳು, ಅಷ್ಟೇ ಜನ. ಬಿಬಿಎ (ವ್ಯವಹಾರ ನಿರ್ವಹಣೆಯ ಪದವಿ) ಓದುವ ಮಕ್ಕಳ ಇಂಟರ್ನ್‌ಶಿಪ್, ಅಂದರೆ ಯಾವುದಾದರೂ ಸಂಸ್ಥೆಯಲ್ಲಿ ಇದ್ದು ಕೆಲಸ ಕಲಿಯುವುದರ ಬಗ್ಗೆ ಒಬ್ಬ ರೀಲರ್ ಯಾಕೆ ಬರೆಯುತ್ತಿದ್ದಾನೆ ಅಂತ ಅನ್ನಿಸಬಹುದು. ಆ ಮಕ್ಕಳು ವರ್ಷಾವರ್ಷ ನಮ್ಮ ಬಾಗಿಲಿಗೆ ಬರುತ್ತಾರೆ, ಅದಕ್ಕೆ.

ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ. "ಅಂಕಲ್, ನಿಮಗೆ ಜಿಎಸ್‌ಟಿ ನಂಬರ್ ಇದೆಯಾ?" ಇಲ್ಲ ಅಂದರೆ ಥ್ಯಾಂಕ್ಸ್ ಅಂತ ಹೇಳಿ ಮುಂದಿನ ಬೀದಿಗೆ ಹೋಗುತ್ತಾರೆ. ಒಳಗೆ ಏನು ನಡೆಯುತ್ತದೆ ಅಂತ ಬಗ್ಗಿಯೂ ನೋಡುವುದಿಲ್ಲ. ಅವರಿಗೆ ಬೇಕಿರುವುದು ಲೆಟರ್‌ಹೆಡ್, ಸೀಲು, ಒಂದು ಸೈನು. "ಇಂತಿಂಥವರು ನಮ್ಮ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮುಗಿಸಿದ್ದಾರೆ, ನಡತೆ ಚೆನ್ನಾಗಿತ್ತು" ಅನ್ನುವ ಪತ್ರವನ್ನು ಅವರೇ ಟೈಪ್ ಮಾಡಿಸಿ ತಂದಿರುತ್ತಾರೆ. ತಾರೀಕು ಮಾತ್ರ ಖಾಲಿ.

ಮಕ್ಕಳನ್ನು ಬೈಯುತ್ತಿಲ್ಲ. ಕಾಲೇಜು ಕೇಳಿದ್ದನ್ನು ಅವರು ಹುಡುಕಿಕೊಂಡು ಬರುತ್ತಾರೆ, ಅವರದೇನು ತಪ್ಪು? ಕೆಲಸ ನಡೆದಿದೆಯಾ ಇಲ್ಲವಾ ಅನ್ನುವುದಕ್ಕಿಂತ ಕಾಗದ ಸರಿಯಾಗಿದೆಯಾ ಅಂತ ನೋಡುವ ಪದ್ಧತಿ ಬೆಳೆದುಬಿಟ್ಟಿದೆ. ಅದರ ಬಗ್ಗೆ ನನ್ನ ತಕರಾರು.

ಒಂದು ಸಲ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದಾಗ ಬೈಂಡಿಂಗ್‌ಗೆ ಬಂದಿದ್ದ ಒಂದು ಪ್ರಾಜೆಕ್ಟ್ ರಿಪೋರ್ಟ್ ತಿರುವಿ ಹಾಕಿದೆ. ದಪ್ಪ ರಟ್ಟು, ಮೇಲೆ ಬಂಗಾರದ ಬಣ್ಣದ ಅಕ್ಷರ. ವಿಷಯ, ಕೆಲಸಗಾರರ ಮೋಟಿವೇಷನ್. ಸಂಸ್ಥೆ ಯಾವುದು ಅಂತ ನೋಡಿದರೆ ನಮ್ಮ ಹಿಂದಿನ ಬೀದಿಯ ಫಿಲೇಚರ್! ಅದಕ್ಕೊಂದು ವಿಷನ್, ಒಂದು ಮಿಷನ್. ಮ್ಯಾನೇಜಿಂಗ್ ಡೈರೆಕ್ಟರ್ ಕೆಳಗೆ ಎಚ್‌ಆರ್ ಮ್ಯಾನೇಜರ್, ಅವರ ಕೆಳಗೆ ಸೂಪರ್‌ವೈಸರ್‌ಗಳು, ಹೀಗೆ ಒಂದು ಪುಟದ ತುಂಬ ಡಬ್ಬಗಳು, ಗೆರೆಗಳು. ನೂರು ಜನ ಕೆಲಸಗಾರರನ್ನು ಪ್ರಶ್ನೆ ಕೇಳಿ ಬಣ್ಣ ಬಣ್ಣದ ಚಾರ್ಟ್ ಹಾಕಿದ್ದಾರೆ. ಆ ಫಿಲೇಚರ್‌ನಲ್ಲಿ ಹತ್ತು ಜನ ಕೂಡ ಇಲ್ಲ. ಎಚ್‌ಆರ್ ಮ್ಯಾನೇಜರ್ ಅಂದರೆ ಮಾಲೀಕನ ಅತ್ತೆ ಇರಬೇಕು, ಕೆಲಸಕ್ಕೆ ಬಾರದವರ ಮನೆ ಬಾಗಿಲಿಗೆ ಹೋಗಿ ಕರೆದುಕೊಂಡು ಬರುವವರು ಅವರೇ. ಹಿಂದಿನ ವರ್ಷದ ಯಾರದೋ ರಿಪೋರ್ಟಿನಲ್ಲಿ ಹೆಸರು ಬದಲಾಯಿಸಿ ಪ್ರಿಂಟ್ ತೆಗೆಯುತ್ತಾರೆ ಅಂತ ಅಂಗಡಿಯವನೇ ನಗುತ್ತಾ ಹೇಳಿದ. ಮುಂಚೆ ಬಟ್ಟೆ ಕಾರ್ಖಾನೆ ಅಂತ ಇದ್ದದ್ದು ಎರಡು ಕಡೆ ಹಾಗೇ ಉಳಿದಿತ್ತು.

ಈಗ ನಿಜವಾಗಿ ಕೆಲಸ ಕಲಿತ ಒಂದು ಹುಡುಗಿಯ ವಿಷಯ ಹೇಳುತ್ತೇನೆ. ನಮ್ಮ ಬೀದಿಯವಳು. ಬಿಬಿಎ ಓದುತ್ತಿದ್ದಾಳೆ. ಬೆಂಗಳೂರಿಗೆ ದಿನಾ ಹೋಗಿ ಬರೋಕೆ ಮನೆಯಲ್ಲಿ ಒಪ್ಪಲಿಲ್ಲ. "ಮಾಮ, ರಜೆಯಲ್ಲಿ ನಿಮ್ಮಲ್ಲೇ ಬರ್ತೀನಿ, ನಿಜವಾಗ್ಲೂ ಕೆಲಸ ಮಾಡ್ತೀನಿ" ಅಂದಳು. ಸರಿ ಬಾಮ್ಮ ಅಂದೆ.

ಮೊದಲು ಗೂಡಿನ ಮಾರ್ಕೆಟ್‌ಗೆ ಕರೆದುಕೊಂಡು ಹೋದೆ. ಹೊರಗಿನವರಿಗೆ ಅಲ್ಲಿ ಕಾಣುವುದು ಬರೀ ಗೂಡಿನ ರಾಶಿ. ರೈತರು ತಂದ ಗೂಡಿಗೆ ಲಾಟ್ ನಂಬರ್ ಬೀಳುತ್ತದೆ, ನಾವು ನೋಡಿಕೊಂಡು ಮೊಬೈಲ್‌ನಲ್ಲಿ ರೇಟ್ ಹಾಕುತ್ತೇವೆ. ರೇಟ್ ಒಪ್ಪಿಗೆಯಾಗದಿದ್ದರೆ ರೈತ ಕೊಡುವುದಿಲ್ಲ. ಆದರೆ ಹರಾಜು ಶುರುವಾಗುವ ಮುಂಚೆ ನಡೆಯುವುದೇ ಅಸಲು ಕೆಲಸ. ರಾಶಿಯೊಳಗೆ ಕೈ ಹಾಕಬೇಕು. ಮೇಲಿನ ಗೂಡಲ್ಲ, ಅಡಿಯದ್ದು ತೆಗೆಯಬೇಕು. ಬೆರಳಲ್ಲಿ ಒತ್ತಿ ಚಿಪ್ಪು ಗಟ್ಟಿ ಇದೆಯಾ ನೋಡಬೇಕು. ಆಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗಿನ ಹುಳ ಸರಿಯಾಗಿ ಕೋಶವಾಗಿದ್ದರೆ ಟಕಟಕ ಅಂತ ಸದ್ದು ಬರುತ್ತದೆ. ಒಳಗೇ ಸತ್ತು ಕರಗಿ ಅಂಟಿಕೊಂಡಿದ್ದರೆ ಸದ್ದೇ ಇರುವುದಿಲ್ಲ. ಅಂಥ ಗೂಡು ಜಾಸ್ತಿ ಇದ್ದರೆ ನೂಲು ಕೆಡುತ್ತದೆ. ಜೋಡಿ ಗೂಡು, ಕಲೆ ಬಿದ್ದ ಗೂಡು, ತೆಳು ಗೂಡು, ಎಲ್ಲವನ್ನೂ ಕಣ್ಣಳತೆಯಲ್ಲೇ ಲೆಕ್ಕ ಹಾಕಿ, ಈ ಲಾಟ್‌ಗೆ ಎಷ್ಟರವರೆಗೆ ಹೋಗಬಹುದು ಅಂತ ಅಲ್ಲೇ ತೀರ್ಮಾನ ಮಾಡಬೇಕು. ಆ ಹುಡುಗಿ ಒಂದೊಂದೇ ಗೂಡು ಅಲ್ಲಾಡಿಸಿ ನೋಟ್‌ಬುಕ್‌ನಲ್ಲಿ ಗೀಟು ಹಾಕುತ್ತಿದ್ದಳು. ಪಕ್ಕದ ರೀಲರ್‌ಗಳಿಗೆಲ್ಲ ತಮಾಷೆ. ಸ್ಟ್ಯಾಟಿಸ್ಟಿಕ್ಸ್ ಪೇಪರ್‌ನಲ್ಲಿ ಸ್ಯಾಂಪ್ಲಿಂಗ್ ಅಂತ ಇದೆಯಂತೆ. ರಾಶಿಯ ಯಾವ ಕಡೆಯಿಂದ ಎಷ್ಟು ತೆಗೆದರೆ ಇಡೀ ಲಾಟ್ ಗೊತ್ತಾಗುತ್ತದೆ ಅನ್ನುವ ಪಾಠ. ನಾವು ಹೆಸರು ಗೊತ್ತಿಲ್ಲದೆ ಮಾಡುವುದು ಅದನ್ನೇ.

ನಮ್ಮ ಕಸುಬಿನ ಲಾಭ ನಷ್ಟವೆಲ್ಲ ರೆಂಡಿಟ್ಟಾ ಮೇಲೆ ನಿಂತಿದೆ. ಒಂದು ಕೆ.ಜಿ. ನೂಲು ಬರೋಕೆ ಎಷ್ಟು ಕೆ.ಜಿ. ಗೂಡು ಬೇಕು ಅನ್ನುವ ಲೆಕ್ಕ ಅದು. ಗೂಡಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಮಾತ್ರ ಚಿಪ್ಪು, ಉಳಿದದ್ದೆಲ್ಲ ಒಳಗಿನ ಹುಳ. ಆ ಚಿಪ್ಪೂ ಪೂರ್ತಿ ನೂಲಾಗುವುದಿಲ್ಲ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ಗೂಡು ಕೆ.ಜಿ.ಗೆ 500 ರೂಪಾಯಿ, 70 ಕೆ.ಜಿ. ತಂದಿರಿ. 35,000 ರೂಪಾಯಿ ಆಯಿತು. ರೆಂಡಿಟ್ಟಾ 7 ಬಂದರೆ 10 ಕೆ.ಜಿ. ನೂಲು. ಅಂದರೆ ಒಂದು ಕೆ.ಜಿ. ನೂಲಿಗೆ ಗೂಡಿನ ಖರ್ಚೇ 3,500. ಅದೇ ರೆಂಡಿಟ್ಟಾ 8ಕ್ಕೆ ಹೋದರೆ ಬರುವುದು ಎಂಟೂಮುಕ್ಕಾಲು ಕೆ.ಜಿ., ಕೆ.ಜಿ.ಗೆ ಬೀಳುವುದು 4,000. ಕೂಲಿ, ಸೌದೆ, ಕರೆಂಟು ಇನ್ನೂ ಸೇರಿಸಿಲ್ಲ. ಮಾರ್ಕೆಟ್‌ನಲ್ಲಿ ಗೂಡು ಅಲ್ಲಾಡಿಸುವಾಗ ಮೈಮರೆತರೆ ಕೆ.ಜಿ. ನೂಲಿನ ಮೇಲೆ 500 ರೂಪಾಯಿ ಹೋಯಿತು. ಮಳೆಗಾಲದಲ್ಲಿ ಗೂಡು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಎಳೆ ಪದೇ ಪದೇ ತುಂಡಾಗುತ್ತದೆ, ಆಗ ಈ ಲೆಕ್ಕ ಇನ್ನೂ ಕೆಡುತ್ತದೆ.

ಇದನ್ನು ಕೇಳಿ ಅವಳು ಕಾಸ್ಟ್ ಅಕೌಂಟಿಂಗ್ ಪುಸ್ತಕ ತಂದಳು. ಪ್ರೊಸೆಸ್ ಕಾಸ್ಟಿಂಗ್ ಅಂತ ಒಂದು ಅಧ್ಯಾಯ. ಯಾವ ಪ್ರೊಸೆಸ್‌ನಲ್ಲೂ ಮಾಮೂಲಾಗಿ ಹೋಗುವ ನಷ್ಟ ಒಂದು, ಲೆಕ್ಕ ತಪ್ಪಿ ಹೋಗುವ ನಷ್ಟ ಇನ್ನೊಂದು, ಎರಡನ್ನೂ ಬೇರೆ ಬೇರೆ ಬರೆಯಬೇಕು ಅಂತ ಅದರಲ್ಲಿದೆ. ಪುಸ್ತಕದ ಉದಾಹರಣೆಯಲ್ಲಿ ಎಕ್ಸ್ ಲಿಮಿಟೆಡ್ ಅನ್ನುವ ಕಂಪನಿ, ಎ ಪ್ರೊಸೆಸ್, ಬಿ ಪ್ರೊಸೆಸ್, ಸಾವಿರ ಯೂನಿಟ್. ಏನು ಯೂನಿಟ್ ಅಂತ ಕೇಳಿದರೆ ಪುಸ್ತಕಕ್ಕೂ ಗೊತ್ತಿಲ್ಲ. ಅವಳು ಅದೇ ಲೆಕ್ಕವನ್ನು ನಮ್ಮ ಗೂಡಿಗೆ ಹಾಕಿದಳು. ಹೆಂಗಸರ ಪಕ್ಕ ಕೂತು, ಯಾವ ಲಾಟ್‌ನಿಂದ ಎಷ್ಟು ನೂಲು, ಎಷ್ಟು ವೇಸ್ಟ್ ಅಂತ ತೂಕ ಮಾಡಿಸಿ ಬರೆದಳು. ನೂಲು ಬಿಚ್ಚುವ ಹಳೆಯ ಅಕ್ಕ ಒಬ್ಬರಿದ್ದಾರೆ, ಬಾಯಿ ಜೋರು. "ಏನೇ, ನಮ್ಮ ಕೈ ಲೆಕ್ಕ ಬರೀತೀಯಾ?" ಅಂತ ಮೊದಲು ಗದರಿದರು. ಆಮೇಲೆ ಅವರೇ ಯಾವ ಗೂಡು ಯಾಕೆ ಬಿಚ್ಚಲ್ಲ ಅಂತ ಹೇಳಿಕೊಡೋಕೆ ಶುರುಮಾಡಿದರು. ಆ ವಿದ್ಯೆ ನನಗೂ ಅಷ್ಟು ಬರಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳವೇ ಆಯಿತು. ನೂಲು ಬಿಚ್ಚಿದ ಮೇಲೆ ಉಳಿಯುವ ಹುಳವನ್ನು, ಪ್ಯೂಪಾ ಅಂತಾರಲ್ಲ ಅದನ್ನು, ಮೀನು ಕೋಳಿ ಮೇವಿಗೆ ಕೊಳ್ಳುವವರು ಇದ್ದಾರೆ. ವೇಸ್ಟ್ ರೇಷ್ಮೆಗೂ ಬೇರೆ ಗಿರಾಕಿ. ವೇಸ್ಟ್ ದುಡ್ಡು ನಾನು ಬರೆದುಕೊಳ್ಳುತ್ತೇನೆ. ಹುಳದ ದುಡ್ಡು ಮಾತ್ರ ಮೊದಲಿನಿಂದಲೂ ನಮ್ಮ ಮನೆಯವಳದ್ದು. ನಮ್ಮಮ್ಮನ ಕಾಲದಿಂದ ನಡೆದುಕೊಂಡು ಬಂದದ್ದು. ಬೈಪ್ರಾಡಕ್ಟ್, ಅಂದರೆ ಜೊತೆಗೆ ಸಿಗುವ ಉಪ ಮಾಲು, ಮಾರಿದ ದುಡ್ಡನ್ನು ನೂಲಿನ ಖರ್ಚಿನಲ್ಲಿ ಕಳೆಯಬೇಕು, ಇಲ್ಲದಿದ್ದರೆ ನೂಲಿನ ನಿಜವಾದ ಖರ್ಚು ಗೊತ್ತಾಗಲ್ಲ ಅಂತ ಹುಡುಗಿಯ ವಾದ. ಪುಸ್ತಕ ಬರೆದವನು ನಮ್ಮ ಮನೆಯವಳನ್ನ ನೋಡಿಲ್ಲಮ್ಮ ಅಂದೆ. ಕೊನೆಗೆ ಎರಡು ಕಾಲಂ ಹಾಕಿದಳು, ಹುಳದ ದುಡ್ಡು ಕಳೆದು ಒಂದು, ಕಳೆಯದೆ ಒಂದು. ಎರಡೂ ಇರಲಿ, ದುಡ್ಡು ಹೋಗುವ ಕಡೆಗೇ ಹೋಗುತ್ತಿದೆ.

ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನದ ವ್ಯಾಪಾರ ನಡೆಸೋಕೆ ಕೈಯಲ್ಲಿರಬೇಕಾದ ದುಡ್ಡು, ಅನ್ನುವುದನ್ನು ಅವಳಿಗೆ ನಾನೇ ಹೇಳಿಕೊಟ್ಟೆ. ಗೂಡಿಗೆ ತಕ್ಷಣ ದುಡ್ಡು ಕೊಡಬೇಕು, ಅಲ್ಲಿ ಸಾಲ ಇಲ್ಲ. ನೂಲು ತೆಗೆದುಕೊಂಡ ಟ್ವಿಸ್ಟಿಂಗ್‌ನವರು (ನೂಲಿಗೆ ಹುರಿ ಹಾಕುವವರು) ಮಾತ್ರ ವಾರಗಟ್ಟಲೆ ಕಾಯಿಸುತ್ತಾರೆ. ಹೆಂಗಸರ ಕೂಲಿ ವಾರಕ್ಕೆ ಕೊಡಲೇಬೇಕು. ರೇಟ್ ಇಳಿದಾಗ ಗೂಡು ಜಾಸ್ತಿ ಕೊಂಡು ಇಟ್ಟುಕೊಳ್ಳೋಣ ಅಂದರೆ, ಬಿಸಿ ಕೊಟ್ಟು ಒಣಗಿಸದಿದ್ದರೆ ಕೆಲವೇ ದಿನಗಳಲ್ಲಿ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಎಳೆ ತೆಗೆಯೋಕಾಗಲ್ಲ. ಸ್ಟಾಕ್ ಇಡುವುದು ಯಾಕೆ ಕಷ್ಟ ಅಂತ ಇದಕ್ಕಿಂತ ಚೆನ್ನಾಗಿ ಎಲ್ಲಿ ತೋರಿಸುತ್ತೀರಿ? ಗೂಡು ಕೊಂಡ ದಿನದ ರೇಟ್ ಒಂದು, ನೂಲು ಮಾರುವ ದಿನದ ರೇಟ್ ಇನ್ನೊಂದು. ನಡುವೆ ಸಿಕ್ಕಿಕೊಂಡಿರುವವನು ರೀಲರ್.

ಇಷ್ಟೆಲ್ಲ ಬರೆದುಕೊಂಡು, ನನ್ನ ಕೈಯಲ್ಲಿ ಒಂದು ಪತ್ರ ಬರೆಸಿಕೊಂಡು ಅವಳು ಕಾಲೇಜಿಗೆ ಹೋದಳು. ವಾಪಸ್ ಕಳಿಸಿದರು. ಜಿಎಸ್‌ಟಿ ನಂಬರ್ ಇಲ್ಲ, ಪ್ರಿಂಟೆಡ್ ಲೆಟರ್‌ಹೆಡ್ ಇಲ್ಲ, ಇದು ಕಂಪನಿ ಅಂತ ಆಗಲ್ಲ ಅಂದರಂತೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ರೇಷ್ಮೆಗೂಡಿಗೆ ಜಿಎಸ್‌ಟಿ ಇಲ್ಲ. ಕಚ್ಚಾ ರೇಷ್ಮೆಗೂ ಇಲ್ಲ. ರೇಷ್ಮೆ ವೇಸ್ಟಿಗೂ ಇಲ್ಲ. ತೆರಿಗೆ ಇಲ್ಲದ ಮಾಲು ಮಾತ್ರ ಮಾರುವವನು ರಿಜಿಸ್ಟರ್ ಆಗಬೇಕಿಲ್ಲ ಅಂತ ಕಾನೂನೇ ಹೇಳುತ್ತದೆ. ಅದಕ್ಕೇ ನನ್ನಂಥ ಎಷ್ಟೋ ರೀಲರ್‌ಗಳ ಹತ್ತಿರ ಆ ನಂಬರ್ ಇಲ್ಲ. ಕಳ್ಳ ವ್ಯಾಪಾರ ಮಾಡುತ್ತಿದ್ದೇವೆ ಅಂತ ಅಲ್ಲ. ಬಿಬಿಎ ಮಕ್ಕಳಿಗೆ ಜಿಎಸ್‌ಟಿ ಪಾಠವಿದೆ, ಯಾವುದಕ್ಕೆ ತೆರಿಗೆ ಉಂಟು, ಯಾವುದಕ್ಕೆ ಇಲ್ಲ ಅಂತ ಅದರಲ್ಲೇ ಓದುತ್ತಾರೆ. ಕ್ಲಾಸಿನಲ್ಲಿ ಆ ಪಾಠ ಮಾಡುವ ಕಾಲೇಜೇ ಆಫೀಸಿನಲ್ಲಿ ಕೂತು ನಂಬರ್ ಎಲ್ಲಿ ಅಂತ ಕೇಳುತ್ತದೆ. ನಮಗೆ ರೇಷ್ಮೆ ಇಲಾಖೆ ಕೊಟ್ಟ ರೀಲಿಂಗ್ ಲೈಸೆನ್ಸ್ ಇದೆ. 1959ರಿಂದ ಇರುವ ಕಾಯ್ದೆಯ ಕೆಳಗೆ ಬರುವ ಕಸುಬು ಇದು. ಅದನ್ನು ತೋರಿಸಿದರೂ ಆಗಲಿಲ್ಲ.

ಆಮೇಲೆ ಏನಾಯಿತು ಅಂತ ನೀವೇ ಊಹಿಸಬಹುದು. ಯಾರೋ ಪರಿಚಯದವರ ಮೂಲಕ ಬೆಂಗಳೂರಿನ ಒಂದು ಕಂಪನಿಯ ಸರ್ಟಿಫಿಕೇಟ್ ಬಂತು. ಆ ಆಫೀಸಿನ ಮೆಟ್ಟಿಲು ಕೂಡ ಅವಳು ಹತ್ತಿಲ್ಲ. ಸೀಲು ಇತ್ತು, ನಂಬರ್ ಇತ್ತು, ಪಾಸಾಯಿತು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕಂಪನಿಯ ವಿಷನ್ ಏನು ಅಂತ ಕೇಳಿದರಂತೆ, ಬಾಯಿಪಾಠ ಒಪ್ಪಿಸಿ ಬಂದಳು. ರೆಂಡಿಟ್ಟಾ ಲೆಕ್ಕದ ನೋಟ್‌ಬುಕ್ ನಮ್ಮ ಗಲ್ಲಾಪೆಟ್ಟಿಗೆಯಲ್ಲಿದೆ. ನಾನು ಈಗಲೂ ತೆಗೆದು ನೋಡುತ್ತಿರುತ್ತೇನೆ.

ಅವಳ ಮೇಷ್ಟ್ರ ಹತ್ತಿರ ಹೋಗಿ ಮಾತಾಡಿದೆ. ಒಳ್ಳೆಯವರೇ. ಅತಿಥಿ ಉಪನ್ಯಾಸಕರು, ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಅವರಿಗೇ ಗೊತ್ತಿಲ್ಲ. ಒಂದು ಕ್ಲಾಸಿನ ಅಷ್ಟೂ ಮಕ್ಕಳ ರಿಪೋರ್ಟ್ ಅವರ ತಲೆ ಮೇಲೆ. "ಸಾರ್, ನೀವು ಹೇಳೋದು ಸರಿ. ನಾಳೆ ಯಾರಾದ್ರೂ ಫೈಲ್ ತೆಗೆದು ಇದೇನ್ರೀ ಅಂದ್ರೆ ನಾನು ಏನು ಹೇಳ್ಲಿ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಿಗೆ ಧೈರ್ಯ ಬರುವಂಥ ಒಂದು ಸಾಲು ಮೇಲಿನವರಿಂದ ಬರಬೇಕು ಅಂತ ಅವತ್ತೇ ಅನ್ನಿಸಿತು. ಈ ಪತ್ರ ಅದಕ್ಕೇ.

ಮೇಲಿನವರು ಸುಮ್ನೆ ಕೂತಿಲ್ಲ ಅಂತ ಗೊತ್ತು. 2024-25ರಿಂದ ಬಿಬಿಎ, ಬಿಸಿಎ ಕೋರ್ಸುಗಳನ್ನು ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ತನ್ನ ವ್ಯಾಪ್ತಿಗೆ ತಂದಿತು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು. ಮೊದಲು ಇದೇ ಕೋರ್ಸಿಗೆ ಬಿಬಿಎಂ ಅಂತ ಹೆಸರಿತ್ತು. ಹೆಸರು ಬದಲಾಯಿತು, ವರ್ಷ ಬದಲಾಯಿತು, ಅನುಮತಿ ಕೊಡುವವರು ಬದಲಾದರು. ಜೆರಾಕ್ಸ್ ಅಂಗಡಿಯ ವ್ಯಾಪಾರ ಮಾತ್ರ ಹಾಗೇ ಇದೆ.

ಇದಕ್ಕೆ ಎದುರು ಮಾತೂ ಇದೆ, ಗೊತ್ತು. ಸಣ್ಣ ಕಸುಬಿನವರ ಹತ್ತಿರ ಬಿಟ್ಟರೆ ಮಕ್ಕಳ ಕೈಲಿ ಗೂಡಿನ ಚೀಲ ಹೊರಿಸುತ್ತಾರೆ, ಬಿಟ್ಟಿ ಚಾಕರಿ ಮಾಡಿಸುತ್ತಾರೆ ಅಂತ ಕೆಲವರು ಅಂದರು. ಹಾಗೆ ಮಾಡುವವರು ನಮ್ಮಲ್ಲೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಬೆಂಗಳೂರಿನ ಆಫೀಸುಗಳಲ್ಲಿ ಮಕ್ಕಳನ್ನು ಫೋಟೋಕಾಪಿ ತೆಗೆಯೋಕೆ, ಫೋನ್‌ನಲ್ಲಿ ಗಿರಾಕಿ ಹಿಡಿಯೋಕೆ ಕೂರಿಸುವುದು ಚಾಕರಿ ಅಲ್ವಾ? ತಡೆಯೋಕೆ ದಾರಿ ಇದೆ. ಮೇಷ್ಟ್ರು ಒಂದು ಸಲವಾದರೂ ಜಾಗಕ್ಕೆ ಬಂದು ನೋಡಲಿ. ಶಿಡ್ಲಘಟ್ಟ ಬಸ್ ಸ್ಟ್ಯಾಂಡಿನಿಂದ ನಮ್ಮ ಫಿಲೇಚರ್‌ಗೆ ನಡೆದೇ ಬರಬಹುದು. ಬೆಂಗಳೂರಿನ ಕಂಪನಿಗೆ ಯಾವ ಮೇಷ್ಟ್ರು ಹೋಗಿ ನೋಡಿ ಬಂದಿದ್ದಾರೆ?

ವಾಸನೆಯ ವಿಷಯ ಇನ್ನೊಂದು. ಬೆಂದ ಗೂಡಿನ ವಾಸನೆ ಬಟ್ಟೆ ಬಿಡಲ್ಲ, ನಿಜ. ಬಿಬಿಎ ಓದಿಸೋದು ಎಸಿ ರೂಮಲ್ಲಿ ಕೂರಲಿ ಅಂತ, ಈ ಹಬೆಯಲ್ಲಿ ಬೇಯೋಕಲ್ಲ ಅಂತ ಹುಡುಗಿಯ ಅಮ್ಮನೇ ನನ್ನ ಮುಂದೆ ಅಂದರು. ತಾಯಿಯ ಆಸೆ, ತಪ್ಪೇನಿಲ್ಲ. ಎಸಿ ರೂಮು ಸಿಗಲಿ. ಆದರೆ ಅಲ್ಲಿ ಕೂತು ಸಾಲದ ಅರ್ಜಿ ನೋಡುವ ಕೆಲಸ ಸಿಕ್ಕರೆ, ನಮ್ಮಂಥ ರೀಲರ್ ಎದುರು ಕೂತಾಗ ಇವನಿಗೆ ಯಾವ ತಿಂಗಳಲ್ಲಿ ದುಡ್ಡು ಬೇಕು, ಯಾವಾಗ ವಾಪಸ್ ಕಟ್ಟೋಕಾಗುತ್ತೆ ಅಂತ ಗೊತ್ತಿರುವ ಒಬ್ಬಳಾದರೂ ಇರುತ್ತಾಳೆ. ಈಗ ಬ್ಯಾಂಕಿನಲ್ಲಿ ಕೂತಿರುವವರಿಗೆ ರೆಂಡಿಟ್ಟಾ ಅಂದರೆ ಏನು ಅಂತ ಹೇಳಿಹೇಳಿ ನನಗೆ ಸಾಕಾಗಿದೆ.

ಹಾಗಾಗಿ ವಿಶ್ವವಿದ್ಯಾಲಯದವರಲ್ಲಿ, ಕಾಲೇಜು ಶಿಕ್ಷಣ ಇಲಾಖೆಯವರಲ್ಲಿ ನನ್ನ ಬೇಡಿಕೆ ಇಷ್ಟು. ಇಂಟರ್ನ್‌ಶಿಪ್ ಕೊಡುವ ಜಾಗಕ್ಕೆ ಜಿಎಸ್‌ಟಿ ನಂಬರೇ ಬೇಕು ಅನ್ನುವುದನ್ನು ಬಿಡಿ. ಯಾವ ಇಲಾಖೆಯ ಲೈಸೆನ್ಸ್ ಇದ್ದರೂ ಸಾಕು ಅನ್ನಿ. ಅದೂ ಇಲ್ಲದಿದ್ದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಕೇಳಿ. ಅದು 2020ರಿಂದ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಯಾವ ಸಣ್ಣ ಕಸುಬಿನವನೂ ಮಾಡಿಸಬಹುದು. ದಪ್ಪ ರಟ್ಟಿನ ರಿಪೋರ್ಟ್ ಬದಲು ದಿನಾ ಏನು ಮಾಡಿದರು ಅಂತ ಕೈಯಲ್ಲಿ ಬರೆದ ಡೈರಿ ಕೇಳಿ, ಕನ್ನಡದಲ್ಲಿದ್ದರೂ ತೆಗೆದುಕೊಳ್ಳಿ. ವೈವಾದಲ್ಲಿ ಡೈರಿ ಮುಂದಿಟ್ಟುಕೊಂಡು ಪ್ರಶ್ನೆ ಕೇಳಿದರೆ ಹೋದವರು ಯಾರು, ಹೋಗದವರು ಯಾರು ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಫಿಲೇಚರ್ ಒಂದೇ ಅಂತ ಅಲ್ಲ. ಚಿಂತಾಮಣಿಯಲ್ಲಿ ಟೊಮೆಟೊ ಮಂಡಿಗಳಿವೆ. ಬೆಳಗ್ಗೆ ರೇಟ್ ಹೇಗೆ ಏರುತ್ತೆ, ಮಧ್ಯಾಹ್ನ ಹೇಗೆ ಬೀಳುತ್ತೆ ಅಂತ ಅಲ್ಲಿ ನಿಂತು ನೋಡಬೇಕು. ಚಿಕ್ಕಬಳ್ಳಾಪುರದಲ್ಲಿ ಹೂವಿನ ಮಾರ್ಕೆಟ್ ಇದೆ, ಹಬ್ಬದ ಹಿಂದಿನ ದಿನ ಒಂದು ರೇಟು, ಹಬ್ಬದ ಮಾರನೇ ದಿನ ಕೇಳುವವರಿಲ್ಲ. ಊರೂರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಗಳು ದಿನಾ ಎರಡು ಹೊತ್ತು ಫ್ಯಾಟ್ ನೋಡಿ, ಲೀಟರ್ ಲೆಕ್ಕ ಬರೆದು, ಬಟವಾಡೆ ಮಾಡುತ್ತಾರೆ. ಒಂದು ತಪ್ಪಾದರೂ ಊರೇ ಬಂದು ಕೇಳುತ್ತದೆ. ಮ್ಯಾನೇಜ್‌ಮೆಂಟ್ ಅನ್ನುವುದು ಇವರಿಗೆಲ್ಲ ಬರುತ್ತದೆ. ಕಾಲೇಜಿನವರು ಬಂದು ಕೇಳಿಲ್ಲ, ಅಷ್ಟೇ.

ನನ್ನ ಮಟ್ಟಿಗೆ ಹೇಳುವುದಾದರೆ, ಮುಂದಿನ ರಜೆಯಲ್ಲಿ ಒಂದಿಬ್ಬರಿಗೆ ಜಾಗ ಇದೆ. ಹೆಣ್ಣುಮಕ್ಕಳು ಬಂದರೂ ಸರಿ, ನಮ್ಮ ಮನೆಯವಳು ಇರುತ್ತಾಳೆ. ಬಸ್ ಚಾರ್ಜು, ಮಧ್ಯಾಹ್ನದ ಊಟ ನಮ್ಮದು, ಮೇಲೆ ಕೈಲಾದಷ್ಟು ಕೊಡುತ್ತೇನೆ. ಚೀಲ ಹೊರುವ ಕೆಲಸ ಕೊಡುವುದಿಲ್ಲ. ಮಾರ್ಕೆಟ್‌ಗೆ ಬೆಳಗ್ಗೆಯೇ ನನ್ನ ಜೊತೆ ಬರಬೇಕು, ತಡವಾದರೆ ಒಳ್ಳೆ ಲಾಟ್ ಕೈತಪ್ಪುತ್ತದೆ. ಬರುವ ಮುಂಚೆ ಕಾಲೇಜಿನಿಂದ ಒಂದೇ ಒಂದು ಸಾಲು ಬರೆಸಿಕೊಂಡು ಬರಲಿ, ನಮ್ಮ ಲೈಸೆನ್ಸ್ ನಂಬರ್ ಹಾಕಿದರೆ ಒಪ್ಪುತ್ತೇವೆ ಅಂತ. ಈ ಸಲ ಬರೆದುಕೊಡದೆ ನಾನು ಯಾರನ್ನೂ ಸೇರಿಸಿಕೊಳ್ಳುವುದಿಲ್ಲ.

ಇತಿ,
ಒಬ್ಬ ರೀಲರ್, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ
(ಹುಡುಗಿಯ ಗುರುತು ಸಿಗಬಾರದು ಅಂತ ನನ್ನ ಹೆಸರು ಬರೆದಿಲ್ಲ)